ಸಮುದ್ರದ ಮೆಟ್ಟಿಲು

ಆ ವರ್ಷ ಆಷಾಢವೂ ಮೊಹರಂ ತಿಂಗಳೂ ಕೈಕೈ ಹಿಡಿದುಕೊಂಡು ಬಂದವು. ಆಷಾಢದಲ್ಲಿ ಹಿಂದೂಗಳ ಮನೆಯಲ್ಲಿ ಮದುವೆ ಇಲ್ಲ, ಮೊಹರಂನಲ್ಲಿ ಮುಸಲ್ಮಾನರ ಮನೆಯಲ್ಲಿ ಇಲ್ಲ. ಬೇರೆ ವರ್ಷಗಳಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. ಈ ಸಲ ಎರಡೂ ಮುಚ್ಚಿ, ಅಫಜಲಪುರದಲ್ಲಿ ಮದುವೆಯನ್ನೇ ನಂಬಿ ಬದುಕುವವರೆಲ್ಲ ಒಟ್ಟಿಗೆ ಖಾಲಿ ಕೂತರು. ವಿಡಿಯೊ ತೆಗೆಯುವ ಮಸೂದ, ಶಾಮಿಯಾನದ ಸೈದಪ್ಪ, ಸೋಬಾನೆ ಹಾಡುವ ಗಂಗಾಬಾಯಿ, ಮದುಮಗಳಿಗೆ ಮೇಕಪ್ ಮಾಡುವ ಸೀಮಾ, ಇವರೆಲ್ಲ ಬಸ್ ಸ್ಟ್ಯಾಂಡಿನ ಹಿಂದಿನ ಫಂಕ್ಷನ್ ಹಾಲಿನ ಕಟ್ಟೆಯ ಮೇಲೆ ಬಂದು ಕೂತು, ಚಹಾ ಕುಡಿದು, ಆಕಳಿಸಿ ಮನೆಗೆ ಹೋಗುವುದೇ ಒಂದು ನೌಕರಿಯಂತಾಯಿತು. ಚಹಾ ಮಾಡಿಕೊಡುತ್ತಿದ್ದವನು ಬಾವರ್ಚಿ ನಿಜಾಮುದ್ದೀನ. ಊರಿಗೆ ಊರೇ ಉಣ್ಣುವಷ್ಟು ಬಿರಿಯಾನಿ ಬೇಯಿಸುವ ಕೈ ಅದು. ನಾಲ್ಕು ಮಂದಿಗೆ ಚಹಾ ಇಟ್ಟರೆ ನಲವತ್ತು ಮಂದಿಗೆ ಆಗುತ್ತಿತ್ತು. ದಾರಿಯಲ್ಲಿ ಹೋಗುವವರನ್ನೂ ಕರೆದು ಕುಡಿಸುತ್ತಿದ್ದ.

“ಸುಮ್ಮ ಕೂಡೂಕಿಂತ ಒಂದು ಫಿಲಂ ತೆಗಿಯೋಣ್ರಿ,” ಅಂದ ಮಸೂದ ಒಂದು ದಿನ.

“ಎಂಥಾ ಫಿಲಂ?” ಸೈದಪ್ಪ ಕೇಳಿದ.

“ನಗೂ ಫಿಲಂ. ಕಲಬುರ್ಗಿ ಬಿಸಲಿಗಿ ಬ್ಯಾಸತ್ತು ಒಂದು ಸಂಸಾರ ಸಮುದ್ರದ ತಳದಾಗ ಹೋಗಿ ಬಿಡಾರ ಹೂಡ್ತದ. ಅಲ್ಲಿ ಭಾರಿ ತಂಪ. ಆದ್ರ ಹಾಸಿಗಿ ಒಣಗಂಗಿಲ್ಲ, ಹಪ್ಪಳ ಒಣಗಂಗಿಲ್ಲ, ಒಲಿ ಹತ್ತಂಗಿಲ್ಲ. ಮ್ಯಾಲಿಂದ ಬೀಗರು ಬರೂದು ಮಾತ್ರ ತಪ್ಪಂಗಿಲ್ಲ.”

“ಸಮುದ್ರ ಎಲ್ಲಿಂದ ತರ್ತೀಲೇ ತಮ್ಮಾ?”

“ನಿಮ್ಮ ಗೋಡೌನಿನ್ಯಾಗ ಮಡಚಿ ಇಟ್ಟೀರಲ್ರಿ ಕಾಕಾ. ನೀಲಿ ಪರದಿ.”

ಅಲ್ಲಿದ್ದವರಲ್ಲಿ ಸಮುದ್ರ ಕಂಡವನು ಸೈದಪ್ಪ ಒಬ್ಬನೇ. ಅವನನ್ನು ಕೇಳಿದರೆ, “ಮುಂಬೈಕ ಹೋದಾಗ ನೋಡೀನಿ. ಏನ್ ಭಾರಿ ಅಲ್ಲ ಬಿಡ್ರಿ. ನಮ್ಮ ಭೀಮಾ ಹೊಳಿ ಇದ್ದಂಗೇ ಅದ. ಆಕಡಿ ದಂಡಿ ಕಾಣಂಗಿಲ್ಲ, ಅಷ್ಟ,” ಅಂದ.

ಎಲ್ಲರೂ ನಕ್ಕರು. ನಿಜಾಮುದ್ದೀನನ ಹಿಂದೆ ಕಂಬಕ್ಕೆ ಒರಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವನ ಮಗಳು ಖಮರಳೂ ನಕ್ಕಳು. ಆದರೆ ಓಢಣಿಯೊಳಗೆ.

ಖಮರಳಿಗೆ ಹತ್ತೊಂಬತ್ತು ನಡೆಯುತ್ತಿತ್ತು. ಏಳನೆಯ ಇಯತ್ತೆಯಲ್ಲಿದ್ದಾಗ ಅವಳ ದಾದಿ, ಅಪ್ಪನ ತಾಯಿ, ಹಾಸಿಗೆ ಹಿಡಿದಳು. ನಾಲ್ಕು ದಿನ ಮನೆಯಲ್ಲಿರು ಅಂತ ಬಿಡಿಸಿದ ಸಾಲೆ, ದಾದಿ ಎದ್ದು ಓಡಾಡತೊಡಗಿದ ಮೇಲೂ ಮತ್ತೆ ಸುರುವಾಗಲಿಲ್ಲ. ಬೇಡ ಅಂತ ಯಾರೂ ಅಂದಿರಲಿಲ್ಲ. ಹೋಗು ಅನ್ನುವುದನ್ನು ಎಲ್ಲರೂ ಮರೆತಿದ್ದರು, ಹೋಗಲಾ ಅಂತ ಕೇಳುವುದು ಇವಳಿಗೆ ಬಾಯಿಗೆ ಬರಲಿಲ್ಲ. ಅಂದಿನಿಂದ ಎಲ್ಲಿ ಕೂತರೂ ಯಾರದಾದರೂ ಬೆನ್ನ ಹಿಂದೆ ಕೂಡುವುದು ರೂಢಿಯಾಯಿತು. ಹಿಂದೆ ಕೂತವರಿಗೆ ಒಂದು ಅನುಕೂಲವಿದೆ. ಎಲ್ಲರೂ ಕಾಣುತ್ತಾರೆ. ತಾನು ಯಾರಿಗೂ ಕಾಣುವುದಿಲ್ಲ ಅನ್ನುವುದು ಅನುಕೂಲವೋ ಅಲ್ಲವೋ, ಅದನ್ನು ಅವಳು ಇತ್ತೀಚೆಗೆ ಯೋಚಿಸತೊಡಗಿದ್ದಳು.

ಮನೆಯಲ್ಲಿ ಮಷೀನಿಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದುದರಿಂದ ಸಮುದ್ರದ ಕೆಲಸ ಅವಳ ಪಾಲಿಗೆ ಬಂತು. ಮಸೂದ ಅವಳ ಖಾಲಾನ ಮಗ, ತಾಯಿಯ ಅಕ್ಕನ ಮಗ.

“ಖಮರ, ಮೀನ ಹೊಲಿತೀಯೇನು?”

“ನಾ ಸಮುದ್ರದ ಮೀನ ನೋಡಿಲ್ಲ, ಮಸೂದಭಾಯಿ.”

“ನೋಡ್ದವ್ರು ಯಾರ್ ಅದಾರ ಇಲ್ಲಿ? ಮನಸಿಗಿ ಬಂದಂಗ ಹೊಲಿ.”

ಬ್ಲೌಸಿನ ಜರಿ ತುಂಡುಗಳಲ್ಲಿ ಅವಳು ಮೀನು ಹೊಲಿದಳು. ಅವಳು ಕಂಡದ್ದು ಸಂತೆಗೆ ಬರುವ ಭೀಮಾ ಹೊಳೆಯ ಮೀನು, ಹೀಗಾಗಿ ಅಷ್ಟಕ್ಕೂ ಮೀಸೆ ಬಂದವು. ಹಳೆಯ ಹಸಿರು ಓಢಣಿಗಳನ್ನು ಸೀಳಿ ಪಾಚಿ ಮಾಡಿದಳು. ಸೈದಪ್ಪ ನೀಲಿ ಪರದೆಗಳನ್ನು ಹಾಲಿನ ಸೂರಿನಿಂದ ಇಳಿಬಿಟ್ಟು ಕೆಳಗೆ ಫ್ಯಾನು ಹಚ್ಚಿದ. ಮದುಮಕ್ಕಳು ಸ್ಟೇಜಿಗೆ ಬರುವಾಗ ಬಿಡುವ ಹೊಗೆಯ ಮಷೀನು, ಗುಳ್ಳೆಯ ಮಷೀನು ಇದ್ದೇ ಇದ್ದವು. ಮದುಮಕ್ಕಳ ಬಂಗಾರ ಬಣ್ಣದ ಖುರ್ಚಿಗಳು ಸಮುದ್ರದ ತಳದ ಸಂಸಾರಕ್ಕೆ ಸೋಫಾ ಆದವು. ಹಾಲಿನ ಮೂಲೆಯಿಂದ ಮದುಮಗಳ ಖೋಲಿಗೆ ಏರುವ ಮೆಟ್ಟಿಲುಗಳಿಗೆ ನೀಲಿ ಜಾಳಿಗೆ ಬಟ್ಟೆ ಹೊದಿಸಿದರು. ಅದು ಸಮುದ್ರದಿಂದ ಭೂಮಿಗೆ ಹೋಗುವ ದಾರಿ. ಮೇಲಿನ ಬಾಗಿಲ ಹಿಂದೆ ದೊಡ್ಡದೊಂದು ಲೈಟು ಇಟ್ಟರು. ಅದು ಸೂರ್ಯ.

ಸೈದಪ್ಪ ಅಪ್ಪನಾದ, ಗಂಗಾಬಾಯಿ ಅವ್ವ ಆದಳು, ಸೀಮಾ ಮಗಳಾದಳು. ಬೀಗರಾಗಿ ಬರಲು ಬಜಾರಿನ ಅರ್ಧ ಮಂದಿ ತಯಾರಿದ್ದರು. ನಿಜಾಮುದ್ದೀನ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ತಿಮಿಂಗಿಲದ ಪಾತ್ರ ಮಾಡುತ್ತೇನೆ ಅಂದಾಗ ಗಂಗಾಬಾಯಿ, “ಬಟ್ಟಿ ಯಾಕ್ರಿ, ಹಂಗೇ ಬರ್ರಿ, ಸಾಕು,” ಅಂದು ಎಲ್ಲರನ್ನೂ ನಗಿಸಿದಳು.

ಆದರೆ ಶೂಟಿಂಗು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಇವರೆಲ್ಲ ಹುಟ್ಟಾ ಮದುವೆಯ ಮಂದಿ. ಮುಖದ ಮೇಲೆ ಲೈಟು ಬಿದ್ದರೆ ಸಾಕು, ಕ್ಯಾಮೆರಾದ ಕಡೆ ತಿರುಗಿ, ಸೆರಗು ಸರಿ ಮಾಡಿಕೊಂಡು ನಗುತ್ತಿದ್ದರು. ಶಾರ್ಕು ಬಂದು ಬಾಗಿಲು ಬಡಿಯುವ ಸೀನಿನಲ್ಲಿ ಇಡೀ ಸಂಸಾರ ಹೆದರಿ ನಡುಗಬೇಕಿತ್ತು. ನಡುಗುವುದನ್ನು ಬಿಟ್ಟು ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ ನಿಂತು ಫೋಟೊಕ್ಕೆ ಕೊಟ್ಟ ಹಾಗೆ ಮುಖ ಕೊಟ್ಟರು. ಸೈದಪ್ಪನಂತೂ ಶಾರ್ಕಿನ ತಲೆಯ ಮೇಲೆ ಅಕ್ಷತೆ ಹಾಕುವ ಹಾಗೆ ಕೈ ಎತ್ತಿದ.

“ಕಾಕಾ, ಅದು ನಿಮಗ ತಿನ್ನಾಕ ಬಂದದ!”

“ಬಂದಾವ್ರಿಗಿ ಆಶೀರ್ವಾದ ಮಾಡೂದು ಬ್ಯಾಡೇನಲೇ?”

ಬೈಯುವ ಮಸೂದನೇನು ಕಡಿಮೆಯೇ? ಅವ್ವ ಅಳುವ ಹೊತ್ತಿಗೆ ಸರಿಯಾಗಿ ಅವನ ಬಾಯಿಂದ, “ಸ್ವಲ್ಪ ನಗ್ರಿ, ಹಾಂ, ಹಿಂಗ,” ಅಂತ ತಾನಾಗಿಯೇ ಬಂದುಬಿಡುತ್ತಿತ್ತು.

ಖಮರ ಪರದೆಯ ಸಂದಿಯಲ್ಲಿ ಕೂತು ಹರಿದ ಮೀನುಗಳನ್ನು ಮತ್ತೆ ಹೊಲಿಯುತ್ತಿದ್ದಳು. ಅವಳಿಗೆ ಎಲ್ಲರ ಮಾತೂ ಬಾಯಿಪಾಠವಾಗಿದ್ದವು. ಊಟದ ಸೀನುಗಳನ್ನು ಅವಳು ಸೂಜಿ ಬದಿಗಿಟ್ಟು ನೋಡುತ್ತಿದ್ದಳು. ಸುಳ್ಳು ಸಮುದ್ರದಲ್ಲಿ ಊಟ ಮಾತ್ರ ಖರೆ, ಅವಳ ಅಬ್ಬಾ ಮಾಡಿದ್ದು. ಸೈದಪ್ಪ ತನ್ನ ತಾಟಿನ ನಲ್ಲಿಮೂಳೆಯನ್ನು ಸೀಮಾಳ ತಾಟಿಗೆ ಹಾಕುತ್ತಿದ್ದ. ಗಂಗಾಬಾಯಿ ಸೀಮಾಳ ಹಣೆಯ ಮೇಲಿನ ಕೂದಲನ್ನು ಎಂಜಲು ತಾಗದ ಮಣಿಕಟ್ಟಿನಿಂದ ಹಿಂದೆ ಸರಿಸಿ, “ಉಣ್ಣು ಬೇ, ನೀರಾಗಿದ್ದೂ ಒಣಗೀದಿ,” ಅನ್ನುತ್ತಿದ್ದಳು. ಸೀಮಾ ತಲೆ ಎತ್ತಿದರೆ ಅಷ್ಟು ಮಂದಿಯ ಕಣ್ಣೂ, ಮೇಲಿನ ಅಷ್ಟು ಲೈಟೂ ಅವಳೊಬ್ಬಳ ಮುಖಕ್ಕೆ ಬರುತ್ತಿದ್ದವು. ಖಮರಳಿಗೆ ಆ ತಾಟಿನ ಆಸೆಯಾಗಲಿಲ್ಲ, ಅದು ಮನೆಯಲ್ಲಿಯೂ ಸಿಗುತ್ತಿತ್ತು. ತಲೆ ಎತ್ತುವ ಆ ಒಂದು ಗಳಿಗೆ ಮಾತ್ರ ತನಗೂ ಒಮ್ಮೆ ಬರಬೇಕು ಅನ್ನಿಸುತ್ತಿತ್ತು.

ಫಿಲಮ್ಮಿನ ಕೊನೆ ಹೀಗಿತ್ತು. ಬಿಸಿಲಿಗೆ ಹೆದರಿ ಬಂದ ಸಂಸಾರದ ಮಗಳು, ತಂಪು ಸಾಕಾಗಿ, ಬಿಸಿಲಿಗಾಗಿ ಹಂಬಲಿಸತೊಡಗುತ್ತಾಳೆ. “ಅಂಗಳದಾಗ ಕಾಲ ಸುಟ್ಟು ಕುಣೀಬೇಕನಸ್ತದವ್ವಾ,” ಅನ್ನುತ್ತಾಳೆ. ಮೊದಮೊದಲು ನಗುವ ಅವ್ವ ಕೊನೆಗೆ ಅವಳನ್ನು ಕಳಿಸಿಕೊಡುತ್ತಾಳೆ. ಮಗಳು ನೀಲಿ ಮೆಟ್ಟಿಲು ಏರಿ, ಬೆಳಕಿನ ಬಾಗಿಲಲ್ಲಿ ನಿಂತು, ಒಮ್ಮೆ ತಿರುಗಿ, “ಹೋಗಿ ಬರ್ತೇನಿ” ಅಂದು ನಕ್ಕು ಮರೆಯಾಗುತ್ತಾಳೆ. ನಗುವ ಫಿಲಮ್ಮಿಗೆ ನಗುತ್ತಲೇ ಕಣ್ಣಲ್ಲಿ ನೀರು ತರಿಸುವ ಮುಗಿತಾಯ ಬೇಕು ಅಂತ ಮಸೂದನ ಹಟ.

ಆ ಸೀನು ಒಂದೇ ಉಳಿದಿದ್ದಾಗ ಆಳಂದದಿಂದ ಸೀಮಾಳ ಅಣ್ಣ ಮಹೇಶಕುಮಾರ ಬಂದ. ಶ್ರಾವಣ ಹುಟ್ಟಿದ ಕೂಡಲೇ ಅವಳ ನಿಶ್ಚಯ ಇಟ್ಟಿದ್ದಾರೆ, ಇನ್ನು ಮನೆಯಲ್ಲೇ ಇರಬೇಕಂತೆ. ಮಂದಿಯ ಮದುಮಕ್ಕಳಿಗೆಲ್ಲ ಬಣ್ಣ ಹಚ್ಚಿದ ಹುಡುಗಿ ತನ್ನ ಪಾಳಿ ಬಂದಾಗ ಬಣ್ಣದ ಪೆಟ್ಟಿಗೆಯನ್ನು ಹಾಲಿನಲ್ಲೇ ಮರೆತು ಆಳಂದದ ಬಸ್ಸು ಹತ್ತಿದಳು.

ಮಸೂದ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಅವನ ಕಣ್ಣು ಪರದೆಯ ಸಂದಿಗೆ ಹೋಯಿತು.

“ಖಮರ, ಎದ್ದು ನಿಂದ್ರು.”

ನಿಂತಳು.

“ಎತ್ತರ ಅಷ್ಟೇ ಅದ. ನೀ ಮೆಟ್ಟಲ ಹತ್ತಿ ಬಿಡು, ಸೀಮಾನ ಬದ್ಲಿ. ದೂರದಿಂದ ತೆಗಿತೇನಿ. ತಿರುಗಿ ನೋಡಿದ್ರೂ ಸೀಮಾನೋ ನೀನೋ ಅಂತ ಮಂದಿ ತಲಿ ಕೆಡಿಸಿಕೊಳ್ಳಂಗಿಲ್ಲ, ಅಷ್ಟ ಬೆಳಕ ಇರ್ತದ. ಖಾಲಾಗ ಒಂದು ಮಾತ ಕೇಳು.”

ಖಾಲಾ ಅಂದರೆ ಖಮರಳ ತಾಯಿ ಮದೀನಾಬಿ. ಅವಳಿಗೂ ಮಸೂದನ ಕ್ಯಾಮೆರಾಕ್ಕೂ ಹಳೆಯ ವೈರ. ನರೋಣಾದ ಒಂದು ಮದುವೆಯಲ್ಲಿ ಮದೀನಾಬಿ ಇಡೀ ಗುಲಾಬ್ ಜಾಮೂನು ಬಾಯಿಗೆ ಇಟ್ಟುಕೊಳ್ಳುವುದಕ್ಕೂ ಮಸೂದನ ಲೈಟು ಮುಖಕ್ಕೆ ಬೀಳುವುದಕ್ಕೂ ಸರಿಹೋಗಿತ್ತು. ಜಾಮೂನು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕಣ್ಣು ಅಗಲವಾದವು. ಮಸೂದ ಆ ಭಾಗವನ್ನು ನಿಧಾನವಾಗಿ ಓಡುವ ಹಾಗೆ ಮಾಡಿ, ಸುತ್ತಲೂ ಗುಲಾಬಿ ಹೂವು ಬೀಳಿಸಿದ್ದ. ಅದು ಊರೂರಿನ ಮೊಬೈಲು ತಿರುಗಿ ಬಂತು. ಇವತ್ತಿಗೂ ಬಜಾರಿನಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ “ಜಾಮೂನ್ ಖಾಲಾ” ಅನ್ನುತ್ತಿದ್ದರು.

ಖಮರ ಮನೆಗೆ ಹೋದಾಗ ಮದೀನಾಬಿ ರೊಟ್ಟಿ ಬಡಿಯುತ್ತಿದ್ದಳು.

“ಅಮ್ಮಿ, ಸೀಮಾ ಆಳಂದಕ್ಕ ಹೋದ್ಲು.”

“ಹೋಗ್ಲಿ.”

“ಒಂದು ಸೀನ್ ಉಳದದ.”

“ಉಳೀಲಿ.”

“ಮಸೂದಭಾಯಿ ನನಗ ನಿಂದ್ರು ಅಂದ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ನಕ್ಕೋ,” ಅಂದಳು ಮದೀನಾಬಿ. ಬೇಡ ಅಂದರೆ ಬೇಡ. ಆಮೇಲೆ ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ಹೇಳತೊಡಗಿದಳು. “ಇಜೇರಿಯವ್ರು ನಿನಗ ನೋಡಾಕ ಬರೂರಿದ್ದಾರ. ಹುಡಿಗಿ ಮುಖ ನಮಗಿಂತ ಮೊದ್ಲ ಮಂದಿ ಮೊಬೈಲಿನ್ಯಾಗ ನೋಡ್ಯಾರ ಅಂದ್ರ ನಾ ಏನು ಜವಾಬ ಕೊಡ್ಲಿ?”

“ಒಂದೇ ಸಲ ತಿರುಗೂದದ ಅಮ್ಮಿ. ಒಂದೇ ಗಳಿಗಿ.”

“ನಂದೂ ಒಂದೇ ಗಳಿಗಿ ಇತ್ತು! ಇನ್ನಾ ಮುಗದಿಲ್ಲ.”

ಬಾಗಿಲಲ್ಲಿ ಕೂತಿದ್ದ ನಿಜಾಮುದ್ದೀನ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಹೋಗುತ್ತ, “ಬೆನ್ನಿಗೇನು ಹೆಸರ ಇರ್ತದೇನು? ಮಸೂದ ಒಳ್ಳೆ ಹುಡ್ಗ ಅದಾನ, ಅವನ ಕೆಲಸ ನಿಂತದ,” ಅಂದ.

ಮದೀನಾಬಿ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅಕ್ಕ ತೀರಿಕೊಂಡ ಮೇಲೆ ಮಸೂದನನ್ನು ಅವಳೇ ಬೆಳೆಸಿದ್ದು.

“ಬೆನ್ನ ಬೇಕಾದ್ರ ತೋರ್ಸು,” ಅಂದಳು. “ಮುಖ ತೋರ್ಸಿದ್ರ ನನ್ನ ಮುಖ ನೋಡಬ್ಯಾಡ.”

ಅಂದು ಸಂಜೆ ಯಾರೂ ಇಲ್ಲದ ಹೊತ್ತು ನೋಡಿ ಖಮರ ಕಬ್ಬಿಣದ ಅಲ್ಮಾರಿಯ ಕನ್ನಡಿಗೆ ಬೆನ್ನು ಮಾಡಿ ನಿಂತಳು. ಬೆನ್ನು ಮಾಡಿ ನಿಂತರೆ ಕನ್ನಡಿಯಲ್ಲಿ ಏನಿದೆ ಅಂತ ಯಾರಿಗೆ ತಿಳಿಯಬೇಕು? ತಿರುಗಿದಳು. ಕನ್ನಡಿಯ ಹುಡುಗಿಯೂ ತಿರುಗಿದಳು. ಮೂಗಿನ ಮೇಲೆ ಬೆವರು, ಕಿವಿಯ ಹತ್ತಿರ ಒಂದು ದಾರದ ಎಳೆ. “ಹೋಗಿ ಬರ್ತೇನಿ,” ಅಂದಳು ಸಣ್ಣ ದನಿಯಲ್ಲಿ. ಮುಖ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ಇನ್ನೊಮ್ಮೆ ತಿರುಗಿದಳು. ಇಜೇರಿಯವರು ಬಂದಾಗ ಈ ಮುಖವನ್ನು ತಗ್ಗಿಸಿಕೊಂಡು ಚಹಾದ ಟ್ರೇ ಹಿಡಿಯಬೇಕು. ಆಮೇಲೆ ಅದು ಯಾರದೋ ಅಡಿಗೆಮನೆಗೆ ಹೋಗುತ್ತದೆ. ಅದಕ್ಕೂ ಮುಂಚೆ ಒಮ್ಮೆ, ಅಷ್ಟು ಬೆಳಕಿನಲ್ಲಿ, ಕರೆದವರ ಕಡೆಗೆ ತಾನಾಗಿಯೇ ತಿರುಗಿ ನೋಡಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಮರುದಿನ ಹಾಲಿನಲ್ಲಿ ಮಸೂದ ಅವಳ ಮಾತು ಕೇಳಿ ಸಪ್ಪಗಾದ. “ಬೆನ್ನಷ್ಟೇ ಅಂದ್ರ ಸೀನ್ ಎಲ್ಲಿ ಉಳೀತು?” ಅಂದ. ಆದರೆ ಖಾಲಾನ ಮಾತು ಮೀರುವ ಧೈರ್ಯ ಅವನಿಗೂ ಇರಲಿಲ್ಲ. ಮೇಲೆ ಹತ್ತು, ಬಾಗಿಲ ತನಕ ಹೋಗು, ನಾನು ಕಟ್ ಅಂದ ಕೂಡಲೇ ಒಳಗೆ ಹೋಗಿಬಿಡು ಅಂತ ಹೇಳಿಕೊಟ್ಟ.

ತಾನೇ ಹೊಲಿದ, ಮೀನಿನ ಬಾಲದ ಹಾಗೆ ನೆಲಕ್ಕೆ ಎಳೆಯುವ ಜರಿ ಲಂಗ ಉಟ್ಟು ಖಮರ ಮೆಟ್ಟಿಲ ಬುಡದಲ್ಲಿ ನಿಂತಳು. ಫ್ಯಾನು ಹಚ್ಚಿದರು. ಸಮುದ್ರ ಅಲುಗತೊಡಗಿತು. ಹೊಗೆ ಬಂತು, ಗುಳ್ಳೆ ಬಂದವು. ಗಂಗಾಬಾಯಿ ಹಿಂದಿನಿಂದ ಬಂದು ಅವಳ ಎರಡೂ ಹೆಗಲ ಮೇಲೆ ಕೈಯಿಟ್ಟಳು. ಆ ಕೈಗಳು ಬೆಚ್ಚಗಿದ್ದವು.

ಗಂಗಾಬಾಯಿ ಊರಿನ ಎಷ್ಟು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಹಾಡಿ ಕಳಿಸಿದ್ದಳೋ ಲೆಕ್ಕವಿಲ್ಲ. ಕಳಿಸುವ ಹಾಡಿಗೆ ಅವಳು ಪ್ರತಿಸಲ ಅಳುತ್ತಿದ್ದಳು. ಅದು ಅವಳ ಕಸಬು ಅಂತ ಮಂದಿ ಅನ್ನುತ್ತಿದ್ದರು. ಕಸಬೋ ಖರೆಯೋ, ಖಮರ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದಿನಿಂದ ಗಂಗಾಬಾಯಿಯ ಉಸಿರು ಕಟ್ಟಿದ್ದು ಅವಳಿಗೆ ಕೇಳಿಸಿತು.

“ಹುಷಾರ್ ಬೇ, ಜಾರ್ತದ,” ಅಂದಳು ಗಂಗಾಬಾಯಿ. ಅದು ಕತೆಯಲ್ಲಿ ಬರೆದ ಮಾತಲ್ಲ.

ಖಮರ ಏರಿದಳು. ಮೇಲಿನ ಸೂರ್ಯ ದೊಡ್ಡದಾಗುತ್ತ ಬಂದ. ಅವಳಿಗೆ ಎದುರಿಗೆ ಬೆಳಕಲ್ಲದೆ ಬೇರೇನೂ ಕಾಣಲಿಲ್ಲ. ಬಾಗಿಲ ಹತ್ತಿರ ಬಂದು ಚೌಕಟ್ಟಿಗೆ ಕೈಯಿಟ್ಟು ನಿಂತಳು. ಈಗ ಕಟ್ ಅನ್ನಬೇಕಿತ್ತು. ಮಸೂದ ಅನ್ನಲಿಲ್ಲ.

ಅವನು ಮರೆತದ್ದಲ್ಲ. ಉಳಿದ ಸೀನುಗಳಿಗೆಲ್ಲ ಕಟ್ ಅನ್ನುವುದನ್ನು ಕಲಿತಿದ್ದ. ಆದರೆ ಹೆಣ್ಣು ಕಳಿಸುವ ಹೊತ್ತಿನಲ್ಲಿ ಅವನು ಈ ತನಕ ಯಾವ ಮದುವೆಯಲ್ಲೂ ಕ್ಯಾಮೆರಾ ನಿಲ್ಲಿಸಿದವನಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ, ಅದರ ಧೂಳು ಇಳಿಯುವ ತನಕ ತೆಗೆಯುವುದು ಅವನ ಪದ್ಧತಿ. ಮದುಮಗಳ ತಾಯಿ ಆಮೇಲೆ ನೂರು ಸಲ ನೋಡುವುದು ಅದನ್ನೇ ಅಂತ ಅವನಿಗೆ ಗೊತ್ತಿತ್ತು. ಆ ರೂಢಿಯ ಕೈ ನಿಲ್ಲಿಸಲಿಲ್ಲ.

ಖಮರ ಬಾಗಿಲಲ್ಲಿ ಕಾದಳು. ಗುಳ್ಳೆಯೊಂದು ಬಂದು ಅವಳ ಕೈಗೆ ತಾಗಿ ಒಡೆಯಿತು.

“ನನ್ನ ಮಗಳಾ,” ಅಂತ ಗಂಗಾಬಾಯಿ ಕರೆದಳು. “ಒಮ್ಮಿ ತಿರುಗಬಾರದೇನು?”

ಅದೂ ಬರೆದ ಮಾತಲ್ಲ. ಖಮರಳ ಕುತ್ತಿಗೆ ತಾನಾಗಿಯೇ ತಿರುಗತೊಡಗಿತು. ಕೆನ್ನೆಯ ಅಂಚಿಗೆ ಬೆಳಕು ಬಂದದ್ದು ಅವಳಿಗೇ ಗೊತ್ತಾಯಿತು. ಆಗ ಹೆಂಚಿನ ಮುಂದಿನ ಅಮ್ಮಿ ಕಣ್ಣ ಮುಂದೆ ಬಂದಳು, ಹಿಟ್ಟು ಮೆತ್ತಿದ ಕೈ ಎತ್ತಿಕೊಂಡು. ಖಮರ ಮುಖವನ್ನು ಮತ್ತೆ ಬೆಳಕಿನ ಕಡೆ ಮಾಡಿದಳು. ಹೆಗಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದವು. “ಹೋಗಿ ಬರ್ತೇನಿ” ಅಂದಳೋ ಇಲ್ಲವೋ, ಒಳಗೆ ಹೋಗಿಬಿಟ್ಟಳು.

ಮದುಮಗಳ ಖೋಲಿಯಲ್ಲಿ ಲೈಟಿನ ಕಾವಿಗೆ ಬೆವತು, ಒಬ್ಬಳೇ, ಜರಿ ಲಂಗ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಕೆಳಗಿನಿಂದ ಯಾರೂ ಕರೆಯಲಿಲ್ಲ. ಇಳಿದು ಬಂದಾಗ ಸೈದಪ್ಪ ಟಾವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಈ ಹೊಗಿ ಮಷೀನ್ ಸುಮಾರ ಅದಲೇ,” ಅಂತ ಮಷೀನಿಗೆ ಬೈಯುತ್ತಿದ್ದ.

ಶ್ರಾವಣದ ಮದುವೆಗಳು ಸುರುವಾಗುವ ಮುಂಚೆ, ಒಂದು ಸಂಜೆ, ಅದೇ ಹಾಲಿನಲ್ಲಿ ‘ಸಮುದ್ರದಾಗ ಬಿಡಾರ’ ತೋರಿಸಿದರು. ಸಮುದ್ರವನ್ನು ಆಗಲೇ ಬಿಚ್ಚಿ ಆಗಿತ್ತು. ನೀಲಿ ಪರದೆಗಳು ನರೋಣಾದ ಮದುವೆಗೆ ಹೋಗಲು ಲಾರಿ ಹತ್ತಿದ್ದವು. ಬಿಳಿ ಬಟ್ಟೆ ಕಟ್ಟಿದ್ದರು. ಒಂದು ಕಡೆ ಗಂಡಸರು, ಒಂದು ಕಡೆ ಹೆಣ್ಣುಮಕ್ಕಳು. ಮದೀನಾಬಿ ಬರುವುದಿಲ್ಲ ಅನ್ನುತ್ತಲೇ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಖಮರ ಅವಳ ಪಕ್ಕದಲ್ಲಿ ಕೂತಳು.

ಮಂದಿ ಹೊಟ್ಟೆ ಹಿಡಿದು ನಕ್ಕರು. ಮೀಸೆಯ ಮೀನಿಗೆ ನಕ್ಕರು, ತಿಮಿಂಗಿಲವಾದ ನಿಜಾಮುದ್ದೀನನಿಗೆ ನಕ್ಕರು, ಶಾರ್ಕಿನ ಮುಂದೆ ಸಾಲಾಗಿ ನಿಂತ ಸಂಸಾರಕ್ಕೆ ಸಿಳ್ಳೆ ಹಾಕಿದರು. ಎಂಟು ಕೈಯ ಪ್ರಾಣಿ ಗಂಗಾಬಾಯಿಯ ಜೊತೆ ಪಂಥ ಕಟ್ಟಿ ರೊಟ್ಟಿ ಬಡಿದು ಸೋತಾಗ ಮದೀನಾಬಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಮೆಟ್ಟಿಲು ಬಂತು.

ಖಮರಳಿಗೆ ತನ್ನ ಬೆನ್ನು ಪರಿಚಯವಿರಲಿಲ್ಲ. ಅಷ್ಟು ಸಪೂರ ಬೆನ್ನು, ಅಷ್ಟು ನಿಧಾನದ ನಡಿಗೆ ತನ್ನದೇ ಅಂತ ನಂಬಲು ಕಷ್ಟವಾಯಿತು. ಬಾಗಿಲಲ್ಲಿ ಹುಡುಗಿ ನಿಂತಳು. ನಗುತ್ತಿದ್ದ ಮಂದಿ ಒಮ್ಮೆಲೇ ತಣ್ಣಗಾದರು. ಹುಡುಗಿ ನಿಂತೇ ಇದ್ದಳು. ಗಂಗಾಬಾಯಿ ಕರೆದಳು. ಕುತ್ತಿಗೆ ತಿರುಗಿತು, ಕೆನ್ನೆಯ ಅಂಚು ಹೊಳೆಯಿತು, ಅಲ್ಲಿಗೇ ನಿಂತಿತು.

“ತಿರುಗವ್ವಾ!” ಅಂತ ಮುಂದಿನ ಸಾಲಿನ ಮುದುಕಿಯೊಬ್ಬಳು ಬಟ್ಟೆಗೆ ಕೂಗಿ ಹೇಳಿದಳು. ಇನ್ನೊಬ್ಬಳು ಎದ್ದು ನಿಂತು, “ತಿರುಗಬೇ, ಅವ್ವ ಕರ್ಯಾಕತ್ಯಾಳ!” ಅಂದಳು. ಆಮೇಲೆ ಹೆಣ್ಣುಮಕ್ಕಳ ಕಡೆಯಿಂದ ಎಲ್ಲ ದನಿಯೂ ಎದ್ದವು. ಒಮ್ಮಿ ತಿರುಗು, ನೋಡಿ ಹೋಗು, ಮುಖ ತೋರ್ಸಿ ಹೋಗು ನಮ್ಮವ್ವಾ. ಅಷ್ಟು ಮಂದಿ ಒಟ್ಟಿಗೆ ಖಮರಳನ್ನು ಅವಳ ಹುಟ್ಟಿನಲ್ಲಿ ಎಂದೂ ಕರೆದಿರಲಿಲ್ಲ. ಅವಳು ಅವರ ಹಿಂದೆಯೇ ಕೂತಿದ್ದಳು. ಒಬ್ಬರೂ ಹಿಂದೆ ನೋಡಲಿಲ್ಲ.

ಹುಡುಗಿ ಬೆಳಕಿನೊಳಗೆ ಹೋದಳು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಒರೆಸಿಕೊಂಡು ಮದೀನಾಬಿಯನ್ನು ಕೇಳಿದಳು. “ಯಾರ ಮಗಳಬೇ ಅದು?”

ಖಮರ ಅಮ್ಮಿಯ ಕಡೆ ನೋಡಿದಳು. ಮದೀನಾಬಿ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲವ್ವಾ,” ಅಂದಳು. “ಆಳಂದದ ಹುಡಿಗಿ ಅಂತ.”

ಮನೆಗೆ ಹೋಗುವ ದಾರಿಯಲ್ಲಿ ನಿಜಾಮುದ್ದೀನ ತಾಯಿ ಮಗಳ ನಡುವೆ ತಿಮಿಂಗಿಲದ ಹಾಗೆ ತೇಲುತ್ತ, ಮಂದಿ ತನಗೆ ಎಲ್ಲೆಲ್ಲಿ ನಕ್ಕರು ಅಂತ ಮತ್ತೆ ಮತ್ತೆ ಹೇಳುತ್ತಿದ್ದ.

ಇಜೇರಿಯವರು ಬಂದರು. ಖಮರ ತಲೆ ತಗ್ಗಿಸಿ ಟ್ರೇ ಹಿಡಿದಳು. ಹುಡುಗ ಒಳ್ಳೆಯವನು, ಜೇವರ್ಗಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಅವನ ತಾಯಿ ಖಮರಳ ಗದ್ದ ಹಿಡಿದು ಮುಖ ಎತ್ತಿ ನೋಡಿ, ಸಾಕು ಅನ್ನುವಷ್ಟು ನೋಡಿ, ಬಿಟ್ಟಳು. ಮಾತು ಗಟ್ಟಿಯಾಯಿತು.

ಸ್ವಲ್ಪ ದಿನಗಳ ಮೇಲೆ ಮದುವೆಯ ಬಟ್ಟೆಗೆ ದಾರ ತರಲು ತಾಯಿ ಮಗಳು ಬಜಾರಿಗೆ ಹೋದರು. ದಾರ ಕೊಂಡು ಮಸೂದನ ವಿಡಿಯೊ ಅಂಗಡಿಯ ಮುಂದೆ ಬಂದಾಗ ಮದೀನಾಬಿ ನಿಂತಳು. ನಿಂತವಳು ಮೆಟ್ಟಿಲು ಹತ್ತಿ ಒಳಗೆ ಹೋದಳು. ಖಮರ ಆಶ್ಚರ್ಯಪಟ್ಟು ಹಿಂದೆ ಹೋದಳು.

“ಬರ್ರಿ ಖಾಲಾ,” ಮಸೂದ ಎದ್ದು ನಿಂತ. “ಮದುವಿ ವಿಡಿಯೊ ನಾ ಬಿಟ್ಟು ಯಾರ್ ತೆಗೀಬೇಕು, ಕೇಳೂದೇ ಬ್ಯಾಡ. ಜಾಮೂನಿನ ಕಡಿ ಹೋಗೂದೇ ಇಲ್ಲ, ಆಣಿ.”

“ಸುಮ್ಮ ಕೂಡೋ ಹೌಲಾ,” ಅಂದಳು ಮದೀನಾಬಿ. ಹುಚ್ಚಪ್ಪ ಅನ್ನುವ ಹಾಗೆ. ಸ್ಟೂಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. “ಆ ಫಿಲಂ ಹಚ್ಚು. ಕಡೀದು.”

ಮಸೂದ ಖಮರಳ ಕಡೆ ನೋಡಿದ. ಖಮರ ನೆಲ ನೋಡಿದಳು. ಅವನು ಹಚ್ಚಿದ.

ನೀಲಿ ಮೆಟ್ಟಿಲು ಬಂತು. ಹುಡುಗಿ ಏರಿದಳು, ನಿಂತಳು, ಅರ್ಧ ತಿರುಗಿದಳು, ಹೋದಳು.

“ಮುಂದ ಬಿಡು,” ಅಂದಳು ಮದೀನಾಬಿ.

“ಮುಂದೇನಿಲ್ಲ ಖಾಲಾ, ಮುಗೀತು.”

“ಹೆಣ್ಣ ಕಳ್ಸೂವಾಗ ನೀ ಬಂದ್ ಮಾಡಂಗಿಲ್ಲಂತಲ್ಲೋ. ಧೂಳ ಸುದ್ದಾ ತೆಗಿತಿ ಅಂತಾರ ಮಂದಿ. ಇರ್ಬೇಕು, ನೋಡು.”

ಮಸೂದ ಫಿಲಮ್ಮಿಗೆ ಹಾಕದೆ ಉಳಿಸಿದ ಭಾಗ ಹುಡುಕಿ ತೆಗೆದ. ಅದರಲ್ಲಿ ಖಾಲಿ ಬಾಗಿಲಿತ್ತು. ಅದರ ತುಂಬ ಬೆಳಕು. ಜಾಳಿಗೆ ಬಟ್ಟೆ ಫ್ಯಾನಿನ ಗಾಳಿಗೆ ಏರಿ ಇಳಿಯುತ್ತಿತ್ತು. ಗುಳ್ಳೆಗಳು ಬರುತ್ತಲೇ ಇದ್ದವು. ಗಂಗಾಬಾಯಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಯಾರಿಗೋ ನೀರು ಕೇಳಿದಳು. ಸೈದಪ್ಪ ಕಣ್ಣು ಒರೆಸಿಕೊಳ್ಳುತ್ತ ಅಡ್ಡ ಹಾಯ್ದ. ಮದೀನಾಬಿ ಅವನು ದಾಟುವ ತನಕ ಕುತ್ತಿಗೆ ಬಾಗಿಸಿ ಅವನ ಹಿಂದಿನ ಬಾಗಿಲನ್ನು ನೋಡಿದಳು.

“ಆಕಿ ಹೊಳ್ಳಿ ಬರಂಗಿಲ್ಲೇನು?”

“ಇಲ್ಲ ಖಾಲಾ. ಆಮ್ಯಾಲ ಬಂದ್ ಮಾಡೀನಿ.”

“ತಿರುಗೂದು ಇನ್ನ ಸ್ವಲ್ಪ ಅದೇನು ಎಲ್ಲಿಯರ? ಬ್ಯಾರೆ ಕಡಿಂದ ತೆಗದಿದ್ದು?”

“ನೀವೇ ಬ್ಯಾಡ ಅಂದಿದ್ರಿ, ಖಾಲಾ.”

ಬಜಾರಿನಲ್ಲಿ ಒಂದು ಟ್ರ್ಯಾಕ್ಟರು ಸಪ್ಪಳ ಮಾಡುತ್ತ ಹೋಯಿತು. ಅದು ದಾಟಿದ ಮೇಲೆ ಮದೀನಾಬಿ ಸ್ಟೂಲನ್ನು ಕಂಪ್ಯೂಟರಿಗೆ ಇನ್ನೂ ಹತ್ತಿರ ಸರಿಸಿದಳು.

“ಹಿಂದಕ ತಗೋ,” ಅಂದಳು. “ಮೆಟ್ಟಲ ಹತ್ತೂದರಿಂದ.”

ಹುಡುಗಿ ಮತ್ತೆ ಏರತೊಡಗಿದಳು. ಕೆನ್ನೆಯ ಅಂಚಿಗೆ ಬೆಳಕು ಬರುವಲ್ಲಿ ಮದೀನಾಬಿ ಕೈ ಎತ್ತಿ ನಿಲ್ಲಿಸು ಅಂತ ಸನ್ನೆ ಮಾಡಿದಳು. ಮಸೂದ ನಿಲ್ಲಿಸಿದ. ಅವಳು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದು, ಆ ಬೆಳಕಿನ ಗೆರೆಯ ಆಚೆ ಏನಾದರೂ ಕಾಣುತ್ತದೆಯೇ ಅಂತ ನೋಡತೊಡಗಿದಳು.

ದಾರದ ಚೀಲ ಹಿಡಿದುಕೊಂಡು ಖಮರ ಅವಳ ಬೆನ್ನ ಹಿಂದೆ ನಿಂತಿದ್ದಳು. ಓಢಣಿ ಹಿಂದೆ ಸರಿದಿತ್ತು, ಸರಿ ಮಾಡಿಕೊಳ್ಳಲಿಲ್ಲ.

“ಅಮ್ಮಿ,” ಅಂದಳು.

“ತಡಿ ಬೇ,” ಅಂದಳು ಮದೀನಾಬಿ, ತಿರುಗದೆ.